ಒಂದು ಹೊಳೆಯ ಜೊತೆ ಹತ್ತಿ, ಇನ್ನೊಂದರ ಜೊತೆ ಇಳಿದ ದಾರಿ

ನನ್ನ ಊರು ಕುಂದಾಪುರದ ಕಡೆ ಎಂದು ತಿಳಿದ ಕೂಡಲೇ ಬೆಂಗಳೂರಿನ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ: ಕಡಲ ಪಕ್ಕದಲ್ಲೇ ಕಾರು ಓಡಿಸಿಕೊಂಡು ಹೋಗಲು ಯಾವ ದಾರಿ ಒಳ್ಳೆಯದು? ಕೇಳುವಾಗಲೇ ಅವರ ಮನಸ್ಸಿನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಇರುತ್ತದೆ. ಕೇರಳದ ಗಡಿಯ ತಲಪಾಡಿಯಿಂದ ಕಾರವಾರದಾಚೆ ಗೋವಾ ಗಡಿಯವರೆಗೆ ಹೋಗುವ ಈ ರಸ್ತೆ ನಕ್ಷೆಯಲ್ಲಿ ಕಡಲಿಗೆ ಅಂಟಿಕೊಂಡೇ ಇದೆಯೆಂಬಂತೆ ಕಾಣುತ್ತದೆಯಾದರೂ, ಅದರ ಮೇಲೆ ನಿತ್ಯ ಓಡಾಡುವವರಿಗೆ ನಿಜ ಗೊತ್ತು. ಕಡಲಿಗೂ ರಸ್ತೆಗೂ ನಡುವೆ ತೆಂಗಿನ ತೋಟ, ಗದ್ದೆಯ ಬೈಲು, ಪೇಟೆ, ಮೀನಿನ ಕಾರ್ಖಾನೆ, ಕಲ್ಯಾಣ ಮಂಟಪಗಳು ಒಂದರ ಹಿಂದೊಂದು ಬರುತ್ತವೆ. ನೀರು ಕಣ್ಣಿಗೆ ಬೀಳುವುದು ಹೊಳೆಗಳನ್ನು ದಾಟುವ ಸೇತುವೆಗಳ ಮೇಲೆ, ಮತ್ತೆ ಬೆರಳೆಣಿಕೆಯ ಕೆಲವೇ ಜಾಗಗಳಲ್ಲಿ. ಚತುಷ್ಪಥವಾದ ಮೇಲೆ ಈ ಹೆದ್ದಾರಿ ಬೇಗ ತಲುಪುವುದಕ್ಕೆ ಅನುಕೂಲವಾಗಿದೆ, ನೋಡುತ್ತಾ ಹೋಗುವುದಕ್ಕಲ್ಲ.

ಆದ್ದರಿಂದ ನಾನು ಅವರಿಗೆ ಬೇರೆಯೇ ಒಂದು ಸುತ್ತನ್ನು ಹೇಳುತ್ತೇನೆ. ಕುಂದಾಪುರದಿಂದ ಬಡಗಕ್ಕೆ ಮರವಂತೆಯ ಮೇಲೆ ಬೈಂದೂರು, ಅಲ್ಲಿ ಬಲಕ್ಕೆ ತಿರುಗಿ ಕೊಲ್ಲೂರು, ನಾಗೋಡಿ ಘಾಟಿ ಹತ್ತಿ ತುಮರಿ, ಶರಾವತಿಯ ಹಿನ್ನೀರು ದಾಟಿ ಸಾಗರ, ಅಲ್ಲಿಂದ ಜೋಗ, ಮಲೆಮನೆ ಘಾಟಿ ಇಳಿದು ಗೇರುಸೊಪ್ಪೆ, ಹೊನ್ನಾವರ, ಕೊನೆಗೆ ಹೆದ್ದಾರಿ ಹಿಡಿದು ಮತ್ತೆ ಕುಂದಾಪುರ. ಎಲ್ಲ ಸೇರಿ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಬೆಳಗಿನ ಜಾವ ಹೊರಟರೆ ಕತ್ತಲಾಗುವಷ್ಟರಲ್ಲಿ ಮನೆ ಸೇರಬಹುದು. ಈ ಸುತ್ತಿನ ಸೊಗಸು ಎಂದರೆ, ಸೌಪರ್ಣಿಕೆ ಕಡಲಿಗೆ ಹತ್ತಿರವಾಗುವ ಜಾಗದಲ್ಲಿ ಆರಂಭಿಸಿ ಅದು ಹುಟ್ಟುವ ಬೆಟ್ಟದ ಮಗ್ಗುಲಿನಲ್ಲಿ ಘಟ್ಟ ಹತ್ತುತ್ತೇವೆ. ಹತ್ತಿದ ಮೇಲೆ ಶರಾವತಿ ಸಿಗುತ್ತದೆ, ಅದು ಕಡಲು ಸೇರುವ ತನಕ ಅದರ ಜೊತೆಗೇ ಇಳಿಯುತ್ತೇವೆ. ಇದು ನನಗೆ ಹೊಳೆದದ್ದು ಬಹಳ ತಡವಾಗಿ, ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋದಾಗ.

ಕಳೆದ ಅಕ್ಟೋಬರಿನಲ್ಲಿ ಹೋದಾಗ ನನ್ನ ಸೋದರಮಾವ ಜೊತೆಗಿದ್ದರು. ಅವರಿಗೆ ಈಗ ಎಪ್ಪತ್ತೊಂದು ವರ್ಷ. ಒಂದು ಕಾಲದಲ್ಲಿ ಕುಂದಾಪುರದ ಕಡೆಯ ಹಂಚಿನ ಕಾರ್ಖಾನೆಗಳಿಂದ ಹಂಚು ತುಂಬಿಕೊಂಡು ಘಟ್ಟದ ಮೇಲಿನ ಊರುಗಳಿಗೆ ಲಾರಿ ಓಡಿಸುತ್ತಿದ್ದವರು. ಹಂಚಿನ ಲೋಡು ಎಂದರೆ ಸಾಲು ಸಾಲಿನ ನಡುವೆ ಹುಲ್ಲು ಹಾಸಿ ಜೋಡಿಸಿದ ಸಾಮಾನು. ಒಂದು ಗುಂಡಿಗೆ ಚಕ್ರ ಜೋರಾಗಿ ಇಳಿದರೆ ಹತ್ತಾರು ಹಂಚು ಒಡೆದವೆಂದೇ ಲೆಕ್ಕ. ಆ ಕೆಲಸದಿಂದ ಬಂದ ಮೆಲ್ಲಗೆ ಹೋಗುವ ಅಭ್ಯಾಸ ಅವರನ್ನು ಇನ್ನೂ ಬಿಟ್ಟಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲು ಎಕ್ಸಲರೇಟರಿನ ಮೇಲೆ ಸ್ವಲ್ಪ ಭಾರವಾದರೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ಬೇರೆ ಮಾತಿಲ್ಲ.

ಆರು ಗಂಟೆಗೆ ಹೊರಟೆವು. ಕುಂದಾಪುರ ಬಿಟ್ಟ ಕೂಡಲೇ ಸೇತುವೆಗಳು ಸಾಲಾಗಿ ಬರುತ್ತವೆ. ಗಂಗೊಳ್ಳಿಯ ಅಳಿವೆಯಲ್ಲಿ ಒಂದಾಗುವ ಹೊಳೆಗಳನ್ನು ಸೇರಿಸಿ ನಾವು ಪಂಚಗಂಗಾವಳಿ ಎನ್ನುತ್ತೇವೆ. ಅವುಗಳಲ್ಲಿ ಕೆಲವನ್ನು ದಾಟಿಕೊಂಡೇ ತಲ್ಲೂರು, ಹೆಮ್ಮಾಡಿ ಸಿಗುತ್ತವೆ. ಹೆಮ್ಮಾಡಿಯ ಸೇವಂತಿಗೆಗೆ ನಮ್ಮ ಕಡೆ ಬೇರೆಯೇ ಹೆಸರಿದೆ. ಮಕರ ಸಂಕ್ರಮಣದ ಹೊತ್ತಿಗೆ ಅರಳಿ ಮಾರಣಕಟ್ಟೆಯ ಜಾತ್ರೆಗೆ ಬುಟ್ಟಿ ಬುಟ್ಟಿಯಾಗಿ ಹೋಗುವ ಹೂವು ಅದು. ಅಕ್ಟೋಬರಿನಲ್ಲಿ ಹೂವು ಕಾಣುವುದಿಲ್ಲ. ರಸ್ತೆಯ ಪಕ್ಕದ ಬೈಲುಗಳಲ್ಲಿ ಆಗ ಬಾಗಿದ ಭತ್ತ, ಕೊಯ್ಲಿನ ಯಂತ್ರ, ಯಂತ್ರದ ಹಿಂದೆ ನಡೆಯುವ ಬೆಳ್ಳಕ್ಕಿ.

ತ್ರಾಸಿ ದಾಟಿದ ಮೇಲೆ ಮರವಂತೆ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕೆ, ನಡುವೆ ರಸ್ತೆ ಮತ್ತು ಅದರ ಎರಡು ಅಂಚಿನ ಮಣ್ಣು, ಅಷ್ಟೇ. ಇದರ ಚಿತ್ರವನ್ನು ನೋಡದ ಕನ್ನಡಿಗರಿಲ್ಲ. ಆದರೆ ಡ್ರೋನಿನಲ್ಲಿ ಮೇಲಿನಿಂದ ತೆಗೆದ ಚಿತ್ರ ಹೇಳದೆ ಬಿಡುವ ಒಂದು ಸಂಗತಿಯಿದೆ. ಕಡಲನ್ನು ಮುಟ್ಟುವಷ್ಟು ಹತ್ತಿರ ಬಂದ ಹೊಳೆ ಇಲ್ಲಿ ಕಡಲಿಗೆ ಸೇರುವುದೇ ಇಲ್ಲ. ಹಾಗೆಯೇ ತೆಂಕಕ್ಕೆ ತಿರುಗಿ, ತೀರಕ್ಕೆ ಸಮನಾಗಿ ಹರಿದು, ಗಂಗೊಳ್ಳಿಯಲ್ಲಿ ಉಳಿದ ಹೊಳೆಗಳ ಜೊತೆ ಕೂಡಿ ಆಮೇಲೆ ಕಡಲಿಗೆ ಬೀಳುತ್ತದೆ. ರಸ್ತೆಯ ಎಡಬದಿಯಲ್ಲಿ ನಿಂತರೆ ಅಲೆಯ ಮೊರೆತದಲ್ಲಿ ಪಕ್ಕದವರ ಮಾತೂ ಕೇಳಿಸದು. ಬಲಬದಿಗೆ ದಾಟಿ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಳಿದರೆ, ಹೊಳೆಯಲ್ಲಿ ಬೀಸುಬಲೆ ಬಿದ್ದ ಸಣ್ಣ ಸದ್ದೂ ಕಿವಿಗೆ ಬರುತ್ತದೆ. ಆ ದಿನ ಹೊಳೆಯಲ್ಲಿ ಸೊಂಟದವರೆಗೆ ಇಳಿದಿದ್ದ ಒಬ್ಬರು ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಮೊಣಕೈ ಮೇಲೆ ಹಾಕಿಕೊಂಡು, ಒಂದು ಸುತ್ತು ತಿರುಗಿ ಎಸೆದರು. ಬಲೆ ನೀರಿನ ಮೇಲೆ ದುಂಡಗೆ ಬಿತ್ತು. ಎಳೆದಾಗ ಬಂದದ್ದು ಬೆರಳುದ್ದದ ಐದಾರು ಮೀನು.

ಹೊಳೆಯ ಮಗ್ಗುಲಿಗೇ ಮಹಾರಾಜಸ್ವಾಮಿ ವರಾಹ ದೇವಸ್ಥಾನವಿದೆ. ಕರ್ಕಾಟಕ ಅಮಾವಾಸ್ಯೆಯ ಜಾತ್ರೆಗೆ ಬಂದವರು ಕಡಲಿನಲ್ಲಿಯೂ ಹೊಳೆಯಲ್ಲಿಯೂ ಸ್ನಾನ ಮಾಡುತ್ತಾರೆ. ಮಳೆಗಾಲದ ನಡುಮಧ್ಯದ ಆ ಕಡಲನ್ನು ನೋಡಿದವರಿಗೆ ಅದು ಎಂಥ ಧೈರ್ಯದ ಸ್ನಾನ ಎಂಬುದು ಅರ್ಥವಾಗುತ್ತದೆ. ತೀರದುದ್ದಕ್ಕೂ ಪೇರಿಸಿದ ಕರಿಬಂಡೆಗಳ ಗೋಡೆ ಅಂದಕ್ಕಾಗಿ ಕಟ್ಟಿದ್ದಲ್ಲ, ಕಡಲ್ಕೊರೆತವನ್ನು ತಡೆಯಲು ಹಾಕಿದ್ದು.

ಇಲ್ಲಿ ದಿಕ್ಕಿನ ವಿಷಯವನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಮರವಂತೆಯಲ್ಲಿ ಬಡಗಕ್ಕೆ ಹೋಗಬೇಕು. ರಸ್ತೆಯ ಎಡಬದಿಯಲ್ಲಿ ಓಡುವ ನಮಗೆ ಆಗ ಕಡಲು ಕಿಟಕಿಯ ಪಕ್ಕದಲ್ಲೇ ಇರುತ್ತದೆ. ಬಿಸಿಲು ಹೊಳೆಯ ಕಡೆಯಿಂದ ಬರುವುದರಿಂದ ಕಣ್ಣಿಗೆ ಹೊಡೆಯುವುದಿಲ್ಲ, ಕಡಲಿನ ಬಣ್ಣವೂ ತಿಳಿಯಾಗಿ ಕಾಣುತ್ತದೆ. ಅದೇ ಮಧ್ಯಾಹ್ನ ಹನ್ನೆರಡಕ್ಕೆ ಬಂದರೆ ಎರಡೂ ಕಡೆಯ ನೀರು ಒಂದೇ ಬಿಳಿ. ಈ ಸುತ್ತನ್ನು ತಿರುವುಮುರುವಾಗಿ, ಅಂದರೆ ಮೊದಲು ಹೊನ್ನಾವರಕ್ಕೆ ಹೋಗಿ ಅಲ್ಲಿಂದ ಘಟ್ಟ ಹತ್ತಿ ಕೊಲ್ಲೂರಿನ ಮೇಲೆ ಇಳಿದವರು ನನ್ನಲ್ಲಿ ಬಂದು ಅಷ್ಟೇನೂ ಚೆನ್ನಾಗಿರಲಿಲ್ಲ ಎಂದದ್ದುಂಟು. ಅವರು ಹೋದದ್ದು ಬೇರೆಯೇ ದಾರಿ ಎಂದು ನಾನು ವಾದಿಸುತ್ತೇನೆ.

ನಾವುಂದ, ಕಿರಿಮಂಜೇಶ್ವರ, ಉಪ್ಪುಂದ ದಾಟಿ ಬೈಂದೂರಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡೆವು. ಬೈಂದೂರಿನಿಂದ ಕೊಲ್ಲೂರಿನ ಮೇಲೆ ಘಟ್ಟ ಹತ್ತಿ ರಾಣೆಬೆನ್ನೂರಿನವರೆಗೆ ಹೋಗುವ ಈ ದಾರಿಗೆ ಈಗ ರಾಷ್ಟ್ರೀಯ ಹೆದ್ದಾರಿ 766ಸಿ ಎಂಬ ಸಂಖ್ಯೆಯಿದೆ. ಸಂಖ್ಯೆ ದೊಡ್ಡದಾದರೂ ರಸ್ತೆ ಊರಿನ ರಸ್ತೆಯೇ. ಯಡ್ತರೆ ಬಿಟ್ಟ ಮೇಲೆ ಅಡಿಕೆ ತೋಟ, ರಬ್ಬರ್ ತೋಟ, ತೋಟದ ಬದಿಯಲ್ಲಿ ಹಂಚಿನ ಮಾಡಿನ ಮನೆಗಳು. ಆ ಮಾಡುಗಳನ್ನು ಕಂಡಾಗಲೆಲ್ಲ ಮಾವ ಸ್ವಲ್ಪ ತಲೆಯೆತ್ತಿ ನೋಡುತ್ತಿದ್ದರು. ಹಂಚು ತೆಗೆದು ತಾರಸಿ ಹಾಕಿದ ಮನೆಗಳ ಎದುರು ಅವರ ತಲೆ ಏಳಲಿಲ್ಲ.

ಮರವಂತೆಯಲ್ಲಿ ಬಿಟ್ಟುಹೋದ ಸೌಪರ್ಣಿಕೆ ಮತ್ತೆ ಸಿಗುವುದು ಕೊಲ್ಲೂರಿನ ಹತ್ತಿರ. ಅಲ್ಲಿ ಅದು ಬಂಡೆಗಳ ನಡುವೆ ಹರಿಯುವ ಬೆಟ್ಟದ ಹೊಳೆ. ಮರವಂತೆಯ ಅಗಲವಾದ, ಅಲುಗಾಡದ ನೀರನ್ನು ನೋಡಿ ಬಂದವರಿಗೆ ಎರಡೂ ಒಂದೇ ಎಂದರೆ ನಂಬಿಕೆ ಬರುವುದಿಲ್ಲ. ಮೂಕಾಂಬಿಕೆಯ ದರ್ಶನಕ್ಕೆ ಸಾಲು ಬೆಳಿಗ್ಗೆಯೇ ಉದ್ದವಾಗಿತ್ತು. ಅಂಗಡಿಗಳ ಫಲಕಗಳಲ್ಲಿ ಕನ್ನಡದಷ್ಟೇ ಮಲಯಾಳವೂ ಇರುವ ಊರು ಇದು; ಕೇರಳದಿಂದ ಮಕ್ಕಳ ಅಕ್ಷರಾಭ್ಯಾಸಕ್ಕಾಗಿ ಬರುವವರ ಸಂಖ್ಯೆ ಅಷ್ಟಿದೆ. ಹೊರಗಿನಿಂದಲೇ ಕೈಮುಗಿದು, ಇಡ್ಲಿ ವಡೆ ತಿಂದು ಹೊರಟೆವು.

ಕೊಲ್ಲೂರಿನ ನಂತರ ಮೂಕಾಂಬಿಕಾ ವನ್ಯಜೀವಿಧಾಮದ ಕಾಡು, ಅದರೊಳಗೆ ನಾಗೋಡಿ ಘಾಟಿ. ಆಗುಂಬೆಯ 14 ಕಡಿದಾದ ತಿರುವುಗಳಂಥ ಹೆಸರಾಂತ ಸಂಗತಿ ಇಲ್ಲಿಲ್ಲ, ಬಾಳೆಬರೆ ಘಾಟಿಯ ಹೆದರಿಕೆಯೂ ಇಲ್ಲ. ಅದಕ್ಕೇ ಇದನ್ನು ಹೊಗಳುವವರು ಕಡಿಮೆ. ನನಗೆ ಇದೇ ಹೆಚ್ಚು ಇಷ್ಟ. ಮರಗಳು ರಸ್ತೆಯ ಮೇಲೆ ಕೂಡಿಕೊಂಡು ಹಗಲಿನಲ್ಲೂ ದೀಪ ಹಾಕುವಷ್ಟು ಮಬ್ಬಿರುತ್ತದೆ. ಕಿಟಕಿಯ ಗಾಜು ಇಳಿಸಿದರೆ ಕೊಳೆತ ಎಲೆಯ ವಾಸನೆ, ತಣ್ಣನೆಯ ಗಾಳಿ, ಎಲ್ಲೋ ಬಂಡೆಯ ಮೇಲೆ ನೀರು ಸುರಿಯುವ ಸದ್ದು. ಒಂದು ತಿರುವಿನಲ್ಲಿ ಮರಗಳ ಸಂದಿನಿಂದ ಕೊಡಚಾದ್ರಿ ಒಮ್ಮೆ ಕಂಡು ಮರೆಯಾಗುತ್ತದೆ. 1343 ಮೀಟರ್ ಎತ್ತರದ ಆ ಬೆಟ್ಟದ ಪಡುವಣ ಮಗ್ಗುಲಿನ ನೀರು ಸೌಪರ್ಣಿಕೆಯ ಕಡೆಗೆ ಇಳಿದರೆ, ಮೂಡಣ ಮಗ್ಗುಲಿನ ಹಳ್ಳಗಳು ಶರಾವತಿಯ ಕಡೆಗೆ ಹೋಗುತ್ತವೆ. ನಾಗೋಡಿಯ ನೆತ್ತಿಯಲ್ಲಿ ಎರಡು ಹನಿ ಮಳೆ ಅಕ್ಕಪಕ್ಕ ಬಿದ್ದರೂ ಒಂದು ಬೇಗನೆ ಗಂಗೊಳ್ಳಿಗೆ ಹೋಗುತ್ತದೆ, ಇನ್ನೊಂದು ಲಿಂಗನಮಕ್ಕಿ ಜಲಾಶಯದಲ್ಲಿ ತಿಂಗಳುಗಟ್ಟಲೆ ಕಾದು, ವಿದ್ಯುತ್ತಿನ ಯಂತ್ರ ತಿರುಗಿಸಿ, ಹೊನ್ನಾವರಕ್ಕೆ ಹೋಗುತ್ತದೆ.

ನಾಗೋಡಿಯ ಮೇಲೆ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ಹೊರಳಿದರೆ ತುಮರಿಯ ದಾರಿ. ಈ ಸುತ್ತಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲಿಯೇ. ಕಾನು, ಸೊಪ್ಪಿನಬೆಟ್ಟ, ಕಣಿವೆಯ ತಳದಲ್ಲಿ ಉದ್ದಕ್ಕೆ ಮಲಗಿದ ಅಡಿಕೆ ತೋಟ, ತೋಟದ ತಲೆಯಲ್ಲಿ ಒಂದೇ ಒಂದು ಮನೆ. ಮತ್ತೆ ಎರಡು ಕಿಲೋಮೀಟರಿನವರೆಗೆ ಮನೆಯಿಲ್ಲ. ಫೋನಿನ ಸಂಕೇತ ಬಂದು ಹೋಗುತ್ತಿರುತ್ತದೆ, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಹಲವಾರು ಊರುಗಳು ಮುಳುಗಿದವು. ಮುಳುಗದೆ ಉಳಿದ ಕರೂರು, ಬಾರಂಗಿ ಹೋಬಳಿಯ ಹಳ್ಳಿಗಳು ತಮ್ಮದೇ ತಾಲ್ಲೂಕು ಕೇಂದ್ರವಾದ ಸಾಗರದಿಂದ ಕಡಿದುಹೋದವು. ನೀರಿನ ಆಚೆ ದಡ ಕಣ್ಣಿಗೆ ಕಾಣುತ್ತದೆ, ಆದರೆ ರಸ್ತೆಯ ಮೇಲೆ ಹೋಗಬೇಕಾದರೆ ಬೆಟ್ಟ ಬಳಸಿ ದೂರದ ಸುತ್ತು. ಉಳಿದದ್ದು ಲಾಂಚ್ ಒಂದೇ.

ಆ ಲಾಂಚಿನಲ್ಲಿ ನಾನು ಎಷ್ಟೋ ಸಲ ದಾಟಿದ್ದೇನೆ. ಕಳಸವಳ್ಳಿಯ ದಡದಲ್ಲಿ ಕಾರುಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಲಾಂಚ್ ಬಂದು ಮೂತಿಯನ್ನು ಮಣ್ಣಿಗೆ ಊರಿದ ಮೇಲೆ ಕಬ್ಬಿಣದ ಹಲಗೆ ಕೆಳಗಿಳಿಯುತ್ತಿತ್ತು. ಮೊದಲು ಒಳಗಿನವರು ಇಳಿಯಬೇಕು, ಆಮೇಲೆ ಬಸ್ಸು ಹತ್ತಬೇಕು, ಬಸ್ಸಿನ ಎರಡೂ ಬದಿಯಲ್ಲಿ ಉಳಿದ ಜಾಗಕ್ಕೆ ಕಾರುಗಳು. ಲಾಂಚಿನ ಸಿಬ್ಬಂದಿ ಬರಿಗೈಯಲ್ಲೇ ಸನ್ನೆ ಮಾಡುತ್ತಾ, ಇನ್ನೂ ಬರಲಿ, ಇನ್ನೂ ಬರಲಿ ಎಂದು ಕರೆದು, ಕನ್ನಡಿಗೂ ಕಂಬಿಗೂ ನಡುವೆ ಬೆರಳು ಹಿಡಿಯುವಷ್ಟು ಜಾಗ ಉಳಿದಾಗ ಬಾನೆಟ್ಟಿನ ಮೇಲೆ ಅಂಗೈಯಿಂದ ತಟ್ಟುತ್ತಿದ್ದರು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಬಾಗಿಲನ್ನು ಪೂರ್ತಿ ತೆರೆಯಲಾಗದೆ ನುಸುಳಿಕೊಂಡು ಹೊರಗೆ ಬಂದರೆ ಸುತ್ತಲೂ ನೀರು, ನೀರಿನ ನಡುವೆ ಅಲ್ಲಲ್ಲಿ ಎಂದೋ ಸತ್ತು ನಿಂತ ಮರದ ಬೊಡ್ಡೆಗಳು. ಪೂರ್ಣ ಮಟ್ಟ 1819 ಅಡಿಯ ಈ ಜಲಾಶಯ ಬೇಸಿಗೆಯಲ್ಲಿ ಇಳಿದಾಗ, 1940ರ ದಶಕದಲ್ಲಿ ಕಟ್ಟಿ ಆಮೇಲೆ ಇದೇ ನೀರಿನಲ್ಲಿ ಮುಳುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಹೊರಗೆ ಕಾಣಿಸುತ್ತದೆ. ನೀರು ತೀರ ಕಡಿಮೆಯಾದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುತ್ತಲೂ ಇರಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯಿತು. ಉದ್ದ ಸುಮಾರು 2.4 ಕಿಲೋಮೀಟರ್, ನಡುಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಕೇಬಲ್ಲುಗಳು ಹಿಡಿದಿವೆ. ಅಕ್ಟೋಬರಿನಲ್ಲಿ ನಾವು ಹೋದಾಗ ನಾನು ಅದರ ಮೇಲೆ ಓಡಿಸಿದ್ದು ಮೊದಲ ಸಲ. ಎರಡು ನಿಮಿಷಗಳಲ್ಲಿ ಆಚೆ ದಡ. ಲಾಂಚಿನ ಸೊಗಸೆಲ್ಲ ಹೋಯಿತಲ್ಲ ಎಂದು ನಾನು ಅಂದಾಗ ಮಾವ ಗಂಟಲು ಸರಿಮಾಡಿಕೊಳ್ಳಲಿಲ್ಲ, ನೇರವಾಗಿಯೇ ಬೈದರು. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದವಳನ್ನು, ಎದೆನೋವು ಬಂದವರನ್ನು ಇಟ್ಟುಕೊಂಡು ಈ ದಡದಲ್ಲಿ ಕೂತವರಿಗೆ ಸೊಗಸಿನ ಮಾತು ಹೇಳಿ ನೋಡು ಎಂದರು. ಅರವತ್ತು ವರ್ಷ ಆ ಜನ ಕೇಳಿದ್ದು ಇದೊಂದನ್ನೇ. ವರ್ಷಕ್ಕೊಮ್ಮೆ ಕಾರು ತೆಗೆದುಕೊಂಡು ಬರುವವನ ಬೇಸರಕ್ಕೆ ಅದರ ಮುಂದೆ ತೂಕವಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಸೇತುವೆಯ ಮೇಲೆ ಕಾರು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುವವರ ಸಾಲು ನೋಡಿದಾಗ ಮಾತ್ರ ನನಗೆ ಸಿಟ್ಟು ಬಂತು. ಇಳಿದು ನೋಡಲೇಬೇಕೆಂದರೆ ದಡದಲ್ಲಿ ಕಾರು ಬಿಟ್ಟು ನೀರಿನ ಅಂಚಿನವರೆಗೆ ನಡೆಯಬಹುದು. ನಾವು ಹಾಗೆಯೇ ಮಾಡಿದೆವು. ಹಿನ್ನೀರು ತುಂಬಿತ್ತು, ಗಾಳಿಯಿರಲಿಲ್ಲ, ಸಿಗಂದೂರಿನ ಕಡೆಯ ಗುಡ್ಡಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು.

ಸಾಗರದಲ್ಲಿ ಮಧ್ಯಾಹ್ನದ ಊಟ. ಘಟ್ಟದ ಕೆಳಗಿನ ಪುನರ್ಪುಳಿ ಇಲ್ಲಿ ಮುರುಗಲು ಆಗುತ್ತದೆ. ಹಣ್ಣು ಒಂದೇ, ಸಾರಿನ ಹದ ಬೇರೆ. ಊಟಕ್ಕೆ ತಂಬುಳಿ, ಅಪ್ಪೆಹುಳಿ ಸಿಕ್ಕರೆ ಬಿಡಬಾರದು. ಕೆಳದಿ ನಾಯಕರ ಕಾಲದ ಇಕ್ಕೇರಿಯ ಅಘೋರೇಶ್ವರ ದೇವಾಲಯ ಇಲ್ಲಿಗೆ ಹತ್ತಿರದಲ್ಲೇ ಇದೆ, ಅದಕ್ಕೆ ಒಂದು ದಿನವನ್ನೇ ಬೇರೆ ಇಡಬೇಕು. ಈ ಸುತ್ತಿನಲ್ಲಿ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವುದು ಅನ್ಯಾಯ. ಜೋಗದ ವಿಷಯದಲ್ಲಿ ನನ್ನದು ತದ್ವಿರುದ್ಧ ಅಭಿಪ್ರಾಯ. 253 ಮೀಟರ್ ಧುಮುಕುವ ನೀರಿನ ಬಗ್ಗೆ ಹೊಸದಾಗಿ ಹೇಳಲು ನನ್ನಲ್ಲಿ ಏನೂ ಇಲ್ಲ. ಮಳೆಗಾಲದ ನಂತರ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ದಿನದಿಂದ ದಿನಕ್ಕೆ ಸೊರಗುತ್ತವೆ, ಏಕೆಂದರೆ ನೀರು ಈಗ ಕೊಳವೆಯೊಳಗೆ ಇಳಿಯುತ್ತದೆ. ಹತ್ತು ನಿಮಿಷ ನಿಂತು ಹೊರಟೆವು.

ಮಾವಿನಗುಂಡಿ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 69 ಕಾಡಿಗೆ ಬೀಳುತ್ತದೆ. ಮಲೆಮನೆ ಘಾಟಿ ಎಂದೂ ಗೇರುಸೊಪ್ಪೆ ಘಾಟಿ ಎಂದೂ ಕರೆಯುವ ಈ ಇಳಿಜಾರು ನನಗೆ ಒಂದು ಪಾಠ ಕಲಿಸಿದ ಜಾಗ. ಹೊಸದಾಗಿ ಕಾರು ಕೊಂಡ ವರ್ಷ, ಇದೇ ಇಳಿಜಾರಿನಲ್ಲಿ ನಾಲ್ಕನೆಯ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದೆ. ಅರ್ಧ ದಾರಿಯಲ್ಲಿ ಸುಟ್ಟ ರಬ್ಬರಿನಂಥ ವಾಸನೆ ಬಂತು. ಮುಂದಿನ ಲಾರಿಯದ್ದಿರಬೇಕು ಎಂದುಕೊಂಡೆ. ಇನ್ನೆರಡು ತಿರುವು ಕಳೆದಾಗ ಪೆಡಲು ಕಾಲಿನ ಕೆಳಗೆ ಮೆತ್ತಗಾಗಿ, ಎಂದಿಗಿಂತ ಆಳಕ್ಕೆ ಇಳಿಯಿತು. ಆಗ ಬೆನ್ನಿನಲ್ಲಿ ಹರಿದ ಬೆವರು ಇನ್ನೂ ನೆನಪಿದೆ. ಗೇರನ್ನು ಎರಡಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಬದಿಯ ಮಣ್ಣಿಗೆ ತಂದು ನಿಲ್ಲಿಸಿದೆ. ಚಕ್ರದ ಒಳಗಿನಿಂದ ಹೊಗೆ ಬರುತ್ತಿತ್ತು. ಬಾಟಲಿಯ ನೀರು ಸುರಿಯಲು ಹೊರಟವನನ್ನು, ಕೆಳಗಿನಿಂದ ಹತ್ತಿಬಂದ ಲಾರಿಯ ಚಾಲಕ ಕೂಗಿ ತಡೆದರು: ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಿದರೆ ಡಿಸ್ಕು ಸೊಟ್ಟಗಾಗುತ್ತದೆ, ಸುಮ್ಮನೆ ಕೂರಿ ಎಂದರು. ಮುಕ್ಕಾಲು ಗಂಟೆ ಸುಮ್ಮನೆ ಕೂತೆ. ತಪ್ಪು ಕಾರಿನದ್ದಲ್ಲ, ನನ್ನದೇ. ಸತತ ಒತ್ತಡದಲ್ಲಿ ಬ್ರೇಕು ಕಾದು, ಅದರ ಬಿಸಿ ಬ್ರೇಕ್ ಎಣ್ಣೆಗೆ ಏರಿ, ಎಣ್ಣೆಯಲ್ಲಿ ಗುಳ್ಳೆ ಎದ್ದರೆ ಪೆಡಲು ಒತ್ತಿದ್ದು ಚಕ್ರಕ್ಕೆ ತಲುಪುವುದೇ ಇಲ್ಲ.

ಮನೆಗೆ ಬಂದು ಈ ಕಥೆ ಹೇಳಿದಾಗ ಮಾವ ಹೇಳಿದ್ದು ಒಂದೇ ಮಾತು: "ಹತ್ಸಿದ್ ಗೇರಲ್ಲೇ ಇಳಿಸ್ಕ್, ಮಾಣಿ." ಯಾವ ಗೇರಿನಲ್ಲಿ ಆ ಏರನ್ನು ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕನ್ನು ತಿರುವಿಗೆ ಮುಂಚೆ ಒಮ್ಮೆ ಒತ್ತಿ ಬಿಟ್ಟರೆ ಸಾಕು. ಎಂಜಿನ್ ಕೂಗುತ್ತದೆ ಎಂದು ಹೆದರಬೇಕಿಲ್ಲ. ಏರು ಹತ್ತಿ ಬರುವ ಲಾರಿಗೆ ದಾರಿ ಬಿಡುವುದು ಘಾಟಿಯ ಹಳೆಯ ಮರ್ಯಾದೆ. ನಿಂತ ಲೋಡು ಗಾಡಿಯನ್ನು ಏರಿನಲ್ಲಿ ಮತ್ತೆ ಹೊರಡಿಸುವ ಕಷ್ಟ ಏನೆಂದು ತಿಳಿದವರು ಮಾಡಿಕೊಂಡ ಮರ್ಯಾದೆ ಅದು.

ಈ ಸಲ ಎರಡನೆಯ ಗೇರಿನಲ್ಲೇ ಇಳಿದೆವು. ಹಾಗೆ ಇಳಿದರೆ ನೋಡುವುದಕ್ಕೂ ಸಮಯ ಸಿಗುತ್ತದೆ. ಒಂದು ಕಡೆ ರಸ್ತೆಯ ಬದಿಯಿಂದ ಶರಾವತಿಯ ಕೊಳ್ಳ ಪೂರ್ತಿ ತೆರೆದುಕೊಳ್ಳುತ್ತದೆ: ಕಡುಹಸಿರಿನ ಎರಡು ಗೋಡೆಗಳು, ತಳದಲ್ಲಿ ಗೇರುಸೊಪ್ಪೆ ಜಲಾಶಯದ ನೀರು. ಈ ಕಾಡು ಸಿಂಗಳೀಕಗಳ ಮನೆ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ. ಮರದ ತುದಿಯಿಂದ ಹೆಚ್ಚಾಗಿ ಕೆಳಗಿಳಿಯದ ಪ್ರಾಣಿ ಅದು. ರಸ್ತೆಯ ಕಟ್ಟೆಯ ಮೇಲೆ ಕುಳಿತು ಕೈಚಾಚುವುದು ಮಾಮೂಲಿ ಮಂಗಗಳು, ಚಿಪ್ಸ್ ಪೊಟ್ಟಣ ಎಸೆದು ಅವುಗಳನ್ನು ಅಲ್ಲಿಗೆ ತಂದವರು ನಾವೇ. ಇದೇ ಕೊಳ್ಳದಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ, ಅಂದರೆ ಕೆಳಗಿಳಿದ ನೀರನ್ನು ಮತ್ತೆ ಮೇಲಕ್ಕೆತ್ತಿ ವಿದ್ಯುತ್ ತೆಗೆಯುವ ಯೋಜನೆಯ, ಪ್ರಸ್ತಾಪವಿದ್ದು, ಅದರ ಪರ ವಿರೋಧದ ಮಾತು ದಾರಿಯ ಚಹಾ ಅಂಗಡಿಗಳಲ್ಲಿಯೂ ಕೇಳಿಬರುತ್ತದೆ. ಹೊಳೆಯೊಂದನ್ನು ಇನ್ನೂ ಎಷ್ಟು ಸಲ ದುಡಿಸಬಹುದು ಎಂಬ ಅನುಮಾನ ನನಗಂತೂ ಇದೆ.

ಗೇರುಸೊಪ್ಪೆಯಲ್ಲಿ ನೆಲ ಸಮತಟ್ಟಾಗುತ್ತದೆ, ಸೆಕೆ ಮತ್ತೆ ಶುರುವಾಗುತ್ತದೆ. 16ನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಹೊಳೆಯಾಚೆ ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿ ಆ ಕಾಲದ ಸಿರಿಯ ಉಳಿಕೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಕಟ್ಟಡದ ಒಳಗೆ ನಿಂತರೆ ಯಾವ ಕಡೆ ನೋಡಿದರೂ ಹಸಿರು ಚೌಕಟ್ಟು. ಒಂದು ಪೇಟೆ, ಒಂದು ರಾಜಧಾನಿ ಇಲ್ಲಿತ್ತು ಎಂಬುದಕ್ಕೆ ಸುತ್ತಲಿನ ಕಾಡಿನೊಳಗಿನ ಕಲ್ಲುಗಳಷ್ಟೇ ಸಾಕ್ಷಿ. ಅಲ್ಲಿಂದ ಹೊನ್ನಾವರದವರೆಗಿನ ದಾರಿಯಲ್ಲಿ ಶರಾವತಿ ತೋಟಗಳ ಸಂದಿನಿಂದ ಅಲ್ಲಲ್ಲಿ ಇಣುಕುತ್ತದೆ. ಹೊನ್ನಾವರದ ಸೇತುವೆಯ ಮೇಲೆ ಬಂದಾಗ ಅದು ಎಷ್ಟು ಅಗಲವಾಗಿದೆಯೆಂದರೆ ಪಕ್ಕದ ಕೊಂಕಣ ರೈಲ್ವೆ ಸೇತುವೆಗೆ ಎರಡು ಕಿಲೋಮೀಟರಿಗಿಂತ ಹೆಚ್ಚು ಉದ್ದ ಬೇಕಾಯಿತು. ಆ ಮಾರ್ಗದ ಅತಿ ಉದ್ದದ ಸೇತುವೆ ಅದೇ. ಆಚೆ ದಡದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ ಮಾನ್ಯತೆ ಸಿಕ್ಕಿದೆ. ನಾವು ಅಲ್ಲಿ ನಿಲ್ಲಲಿಲ್ಲ. ಗಂಟೆ ನಾಲ್ಕೂವರೆಯಾಗಿತ್ತು, ಬೆಳಕು ಇರುವಾಗಲೇ ಮರವಂತೆ ತಲುಪಬೇಕಿತ್ತು.

ಇನ್ನು ಹೆದ್ದಾರಿ. ಮಂಕಿ, ಮುರುಡೇಶ್ವರ, ಭಟ್ಕಳ ವೇಗವಾಗಿ ಹಿಂದೆ ಸರಿದವು. ಬೈಂದೂರಿಗೆ ಮುಂಚೆ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತೆಂದು ಸುದ್ದಿ ಬಂದಾಗ ಬೆಂಗಳೂರಿನಿಂದ ನನಗೆ ಬಂದ ಕರೆಗಳಿಗೆ ಲೆಕ್ಕವಿಲ್ಲ. ಅದು ಅಂಕೋಲೆಯ ಹತ್ತಿರದ ಶಿರೂರು, ಇದೇ ಹೆದ್ದಾರಿಯಲ್ಲಿ ಬಡಗಕ್ಕೆ ಗಂಗಾವಳಿ ಹೊಳೆಯ ದಂಡೆಯಲ್ಲಿರುವುದು. ಅಲ್ಲಿ ಮಣ್ಣಿನ ಜೊತೆ ಹೊಳೆಗೆ ಹೋದ ಲಾರಿಯೊಂದು ಚಾಲಕನ ಶವದೊಂದಿಗೆ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ. ಅದೇ ಆಗಸ್ಟಿನಲ್ಲಿ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆಯೂ ರಾತ್ರೋರಾತ್ರಿ ಕುಸಿಯಿತು. ಆ ವರ್ಷದ ನಂತರ ನಾನು ಜೂನ್‌ನಿಂದ ಆಗಸ್ಟ್‌ವರೆಗೆ ಈ ಸುತ್ತಿಗೆ ಯಾರನ್ನೂ ಕಳಿಸುವುದಿಲ್ಲ. ಮಳೆಯಲ್ಲಿ ಘಟ್ಟ ನೋಡಬೇಕು ಎಂದು ಹಟ ಮಾಡುವವರಿಗೆ, ರಸ್ತೆ ಅಗಲ ಮಾಡಲು ನೇರವಾಗಿ ಕಡಿದ ಗುಡ್ಡದ ಬುಡದಲ್ಲಿ ಯಾವ ಕಾರಣಕ್ಕೂ ಕಾರು ನಿಲ್ಲಿಸಬೇಡಿ ಎಂದಷ್ಟೇ ಹೇಳುತ್ತೇನೆ. ಬೈಂದೂರಿನ ಒತ್ತಿನೆಣೆಯಲ್ಲಿಯೂ ಗುಡ್ಡವನ್ನು ಹಾಗೆಯೇ ಕಡಿದು ಮೈಗೆ ಸಿಮೆಂಟು ಬಳಿದಿದ್ದಾರೆ. ಅದರ ನೆತ್ತಿಗೆ ಹೋಗುವ ದಾರಿಯಿಂದ ಕಾಣುವ ಕಡಲು ಮಾತ್ರ ಇನ್ನೂ ಹಾಗೆಯೇ ಇದೆ.

ಮರವಂತೆಗೆ ಬಂದಾಗ ಆರು ಗಂಟೆ ಕಳೆದಿತ್ತು. ತೆಂಕಕ್ಕೆ ಹೋಗುವ ನಮಗೆ ಈಗ ಹೊಳೆ ಎಡಕ್ಕೆ, ಕಡಲು ರಸ್ತೆಯ ಆಚೆ ಬದಿಗೆ. ಆಚೆ ಬದಿಯಲ್ಲಿ ಕಾರುಗಳ ಸಾಲು, ಬೇಯಿಸಿದ ಜೋಳ, ಐಸ್‌ಕ್ರೀಮು, ಸೂರ್ಯನಿಗೆ ಬೆನ್ನು ಹಾಕಿ ಚಿತ್ರ ತೆಗೆದುಕೊಳ್ಳುವ ಜನ. ನಾವು ಹೊಳೆಯ ಬದಿಯಲ್ಲೇ ನಿಲ್ಲಿಸಿದೆವು. ಕಡಲಿಗೆ ಇಳಿಯುತ್ತಿದ್ದ ಸೂರ್ಯನ ಕೆಂಪೆಲ್ಲ ಬಿದ್ದಿದ್ದು ಈ ಕಡೆಯ ನೀರಿನ ಮೇಲೆ, ಆದರೆ ಈ ಕಡೆ ನೋಡುವವರು ನಾವಿಬ್ಬರೇ. ಬೆಳಗಿನ ಬಲೆಯವರು ಇರಲಿಲ್ಲ. ಮಾವ ಇಳಿದು, ಹಳೆಯ ಅಭ್ಯಾಸದಂತೆ, ನಾಲ್ಕೂ ಚಕ್ರಗಳ ಹತ್ತಿರ ಬಗ್ಗಿ ಅಂಗೈಯನ್ನು ಸ್ವಲ್ಪ ದೂರದಲ್ಲಿ ಹಿಡಿದು ಬಿಸಿ ನೋಡಿದರು. ಆಮೇಲೆ ಏನೂ ಹೇಳದೆ ಹೊಳೆಯ ಕಡೆ ನಡೆದರು. ಅವರು ಏನೂ ಹೇಳಲಿಲ್ಲವೆಂದರೆ ನಾನು ಸರಿಯಾಗಿ ಓಡಿಸಿದ್ದೇನೆ ಎಂದೇ ಅರ್ಥ.